ಸೋಮವಾರದ ಗೋಡೆ

ಒದ್ದೆ ಗೋಣಿಚೀಲದ ವಾಸನೆ.

ಮೂರನೆಯ ಮೆಟ್ಟಿಲು ಇಳಿಯುವಷ್ಟರಲ್ಲೇ ಅದು ಶೋಭಾರಾಣಿಯ ಮೂಗಿಗೆ ತಾಗಿತು. ತಾಗಿದ ಕೂಡಲೇ ಅವಳ ಐವತ್ತನಾಲ್ಕು ವರ್ಷ ಎಲ್ಲಿಗೋ ಹೋಗಿ ಏಳು ವರ್ಷದ ಹುಡುಗಿಯಾಗಿಬಿಟ್ಟಳು. ಪೀಣ್ಯದಲ್ಲಿ ಒಂದರ ಪಕ್ಕ ಒಂದು ಕಾರ್ಖಾನೆಯ ಶೆಡ್ಡುಗಳು ಏಳುತ್ತಿದ್ದ ಕಾಲ. ಅವಳಪ್ಪ ನಂಜಪ್ಪ ಅಲ್ಲಿ ಮೇಸ್ತ್ರಿ. ಆಗಷ್ಟೇ ಕಾಂಕ್ರೀಟ್ ಹಾಕಿದ ಕಂಬಗಳಿಗೆ ಗೋಣಿಚೀಲ ಸುತ್ತಿ, ಮಗಳ ಕೈಗೊಂದು ಚೊಂಬು ಕೊಟ್ಟು, ಇವೂ ಎಳೆಮಕ್ಕಳೇ, ಇಪ್ಪತ್ತೊಂದು ದಿನ ಬಾಯಾರಬಾರದು, ನೀರು ಹಾಕು ಅನ್ನುತ್ತಿದ್ದ. ಸೆಣಬು, ಸಿಮೆಂಟು, ಬಿಸಿಲು, ನೀರು ಎಲ್ಲ ಕಲೆತ ಆ ವಾಸನೆಯಲ್ಲಿ ಅವಳಿಗೆ ಎಷ್ಟೋ ಮಧ್ಯಾಹ್ನ ನಿದ್ದೆ ಬಂದಿತ್ತು.

ಈಗ ನಿದ್ದೆ ಬರಲಿಲ್ಲ. ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು.

ಏಕೆಂದರೆ ಇದು ಐವತ್ತು ವರ್ಷದ ಹಳೆಯ ಮನೆ. ಕಟ್ಟಿದ ವಾಸ್ತುಶಿಲ್ಪಿ ಭಾನುಪ್ರಕಾಶರು ತೀರಿಕೊಂಡೇ ಹನ್ನೊಂದು ವರ್ಷ. ಅಂದಿನಿಂದ ಇಲ್ಲಿ ಒಂದು ಮೊಳೆಯನ್ನೂ ಬದಲಾಯಿಸಿಲ್ಲ, ಅವರು ಕೊನೆಯ ಸಲ ಇಟ್ಟ ಪೆನ್ಸಿಲು ಇಟ್ಟ ಜಾಗದಲ್ಲೇ ಇದೆ ಎಂದು ಮನೆ ನೋಡಿಕೊಳ್ಳುವ ಟ್ರಸ್ಟಿನವರು ಗೇಟಿನಲ್ಲೇ ಹೆಮ್ಮೆಯಿಂದ ಹೇಳಿದ್ದರು. ಒಂದು ಮೊಳೆಯೂ ಬದಲಾಗದ ಮನೆಯಲ್ಲಿ ಹಸಿ ಸಿಮೆಂಟಿನ ವಾಸನೆ ಎಲ್ಲಿಂದ ಬರಬೇಕು?

ತಂಗಿ ವೇಣಿಯ ಮಗಳು ಕೃಪಾ, ಇದೇ ಮನೆಯಲ್ಲಿ ಹಳೆಯ ನಕ್ಷೆಗಳ ಪಟ್ಟಿ ಮಾಡುತ್ತಿದ್ದವಳು, ಕಾಣೆಯಾಗಿ ಅಂದಿಗೆ ಆರು ದಿನ.

"ನಿಧಾನ ಆಂಟಿ, ಮೆಟ್ಟಿಲು ಕಿರಿದಾಗಿದೆ," ಎಂದು ಹಿಂದಿದ್ದ ಹುಡುಗಿ ತೋಳು ಹಿಡಿದುಕೊಂಡಳು. ಯಾರೋ ಗುರುತಿಲ್ಲದ ಹುಡುಗಿ. ಕೊನೆಯ ಮೆಟ್ಟಿಲಿನ ತನಕ ಹಿಡಿದ ತೋಳು ಬಿಡಲಿಲ್ಲ. ಶೋಭಾರಾಣಿಗೆ ಆ ಕೈಯನ್ನು ತಾನೇ ಗಟ್ಟಿಯಾಗಿ ಹಿಡಿದು, ನನ್ನನ್ನು ಇಲ್ಲಿ ಬಿಟ್ಟು ಹೋಗಬೇಡಮ್ಮ ಅನ್ನಬೇಕು ಅನಿಸಿತು.

ಮನೆ ನೋಡಲು ಬಂದ ಶನಿವಾರದ ಮೂರೂವರೆಯ ಗುಂಪಿನಲ್ಲಿ ಹನ್ನೆರಡು ಜನ. ಚಪ್ಪಲಿ ಹೊರಗೆ, ಗೇಟಿನ ಕಾವಲುಗಾರ ಅವಳ ಚಪ್ಪಲಿಯನ್ನು ಬಿಸಿಲಿನಿಂದ ಎತ್ತಿ ನೆರಳಿಗೆ ಇಟ್ಟಿದ್ದ. ಚೀಲ, ಮೊಬೈಲು ಎಲ್ಲ ಆಫೀಸಿನ ಬೀರುವಿನಲ್ಲಿ. ಅದರ ಬೀಗದ ಕೈ ಟ್ರಸ್ಟಿನ ಮ್ಯಾನೇಜರ್ ನಂದೀಶನ ಜೇಬಿನಲ್ಲಿ. ಪುಸ್ತಕದಲ್ಲಿ ಹೆಸರು ಬರೆಯುವಾಗ ಶೋಭಾರಾಣಿ ತೀರಿಹೋದ ತನ್ನ ಅತ್ತೆಯ ಹೆಸರು ಬರೆದಿದ್ದಳು. ಅಂಜಿನಮ್ಮ, ಸಿಂಗಸಂದ್ರ.

ಆಸ್ತಿ ಭಾಗದ ಮೊಕದ್ದಮೆಗಳಲ್ಲಿ ಕೋರ್ಟಿನ ಪರವಾಗಿ ಮನೆ ಅಳೆದು ನಕ್ಷೆ ಬರೆದುಕೊಡುವುದು ಅವಳ ಕೆಲಸ. ಅಣ್ಣತಮ್ಮಂದಿರು ಮುಚ್ಚಿಟ್ಟ ಕೋಣೆಗಳನ್ನು ಟೇಪು ಹಿಡಿದೇ ಹುಡುಕಿದವಳು. ಧೈರ್ಯ ಬೇಕಾದ ಕೆಲಸವೇನೂ ಅಲ್ಲ. ಕಾಡುಗೋಡಿಯ ಮೆಟ್ರೋದಿಂದ ಆಟೋ ಹಿಡಿದು ಬರುವಾಗ ಎರಡು ಸಲ ಇಳಿದು ವಾಪಸು ಹೋಗೋಣ ಅಂದುಕೊಂಡಿದ್ದಳು. ದೂರು ಕೊಟ್ಟಾಗಿತ್ತು, ಪೊಲೀಸರು ಹುಡುಕುತ್ತಿದ್ದರು. ಆದರೆ ತಂಗಿ ಮೂರು ದಿನದಿಂದ ಮಗಳ ಒಗೆದ ಬಟ್ಟೆಗಳನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು ಮಾಡುತ್ತಿದ್ದಳು. ಅದನ್ನು ನೋಡಿಕೊಂಡು ಕೂರುವುದು ಇದಕ್ಕಿಂತ ಕಷ್ಟ.

ಭಾನುಪ್ರಕಾಶರ ಸ್ಟುಡಿಯೋ ಅರ್ಧ ನೆಲದೊಳಗೆ ಇಳಿದಿತ್ತು. ಸುತ್ತಲಿನ ಐ.ಟಿ. ಕಂಪನಿಗಳ ಗಾಜಿನ ಗೋಪುರಗಳಿಂದ ಬಂದ ಬೆಳಕು ಮೇಲಿನ ಸಣ್ಣ ಕಿಟಕಿಗಳಲ್ಲಿ ಸೋಸಿ ಕೆಳಗಿಳಿಯುತ್ತಿತ್ತು. ಉದ್ದನೆಯ ಓರೆ ಮೇಜು, ಅದರ ಮೇಲೆ ಅರ್ಧ ಬರೆದ ನಕ್ಷೆ, ಸ್ಕೇಲು, ಡಬ್ಬಿಯಲ್ಲಿ ಬೆರಳುದ್ದ ಸವೆದ ಪೆನ್ಸಿಲುಗಳು. ಗೋಡೆಗೆ ಗಾರೆಯಿಲ್ಲ, ಬಣ್ಣವಿಲ್ಲ. ಬರಿಯ ಕಾಂಕ್ರೀಟು. ಅಚ್ಚಿಗೆ ಕಟ್ಟಿದ ಹಲಗೆಗಳ ನಾರು ಕೂಡ ಗೋಡೆಯ ಮೇಲೆ ಮೂಡಿತ್ತು.

ಪ್ರತಿ ಗೋಡೆಯ ಮೂಲೆಯಲ್ಲೂ ಕೆಮ್ಮಣ್ಣಿನಲ್ಲಿ ಬರೆದ ಒಂದು ತಾರೀಖು. ಕಾಂಕ್ರೀಟ್ ಹಾಕಿದ ದಿನವನ್ನು ಮೇಸ್ತ್ರಿಗಳು ಹೀಗೆ ಗೋಡೆಯ ಮೇಲೆಯೇ ಬರೆಯುತ್ತಾರೆ. ಎಷ್ಟು ದಿನ ನೀರು ಉಣಿಸಬೇಕೆಂದು ಗೊತ್ತಾಗಬೇಕಲ್ಲ. ಬೇರೆಯವರು ಆಮೇಲೆ ಅದರ ಮೇಲೆ ಸುಣ್ಣ ಬಳಿಯುತ್ತಾರೆ. ಭಾನುಪ್ರಕಾಶರು ಉಳಿಸಿಕೊಂಡರು. ಇದು ನನ್ನ ಸಹಿಯಲ್ಲ, ಕೆಲಸದವರ ಸಹಿ ಎನ್ನುತ್ತಿದ್ದರಂತೆ.

ನಂದೀಶ ಇದನ್ನೆಲ್ಲ ಚೆನ್ನಾಗಿ ಹೇಳುತ್ತಿದ್ದ. ಮೂವತ್ತೆಂಟರ ಆಸುಪಾಸಿನ, ಇಸ್ತ್ರಿ ಮುರಿಯದ ಬಿಳಿ ಅಂಗಿಯ ಮನುಷ್ಯ. ಈ ವಾರವೆಲ್ಲ ಗೆದ್ದಲಿಗೆ ಔಷಧ ಹೊಡೆಸಲು ಮನೆಯನ್ನು ಮುಚ್ಚಬೇಕಾಯಿತು, ಅನನುಕೂಲಕ್ಕೆ ಕ್ಷಮಿಸಬೇಕು ಎಂದು ಕೈ ಮುಗಿದ.

ಶೋಭಾರಾಣಿ ಅಭ್ಯಾಸಬಲದಿಂದ ಹೆಜ್ಜೆ ಎಣಿಸುತ್ತಿದ್ದಳು. ಹೊರಗೆ, ಅಂಗಳದ ಬದಿಯಿಂದ, ಈ ಸ್ಟುಡಿಯೋದ ಉದ್ದ ಇಪ್ಪತ್ತು ಹೆಜ್ಜೆ. ಒಳಗೆ ಹದಿನಾರು. ಗೋಡೆಗಳ ದಪ್ಪಕ್ಕೆ ಒಂದು ಹೆಜ್ಜೆ ಬಿಟ್ಟುಕೊಟ್ಟರೂ ಮೂರು ಹೆಜ್ಜೆ ಎಲ್ಲೋ ಹೋಗಿತ್ತು.

ಅವಳು ಮತ್ತೆ ಎಣಿಸಿದಳು. ಹದಿನಾರೇ.

ಎಣಿಕೆ ಮುಗಿದದ್ದು ಉತ್ತರದ ಗೋಡೆಯ ಎದುರು. ವಾಸನೆ ಅಲ್ಲಿ ದಟ್ಟವಾಗಿತ್ತು.

ಮೆಟ್ಟಿಲು ಇಳಿದ ಮಂಡಿ ನೋಯುತ್ತಿತ್ತು, ಬಗ್ಗಿ ಒತ್ತಿಕೊಂಡಳು. ಆಗ ಯಾರೋ ಹಿಂದಿನಿಂದ ಒಂದು ಸ್ಟೂಲು ತಂದಿಟ್ಟು, ತಮ್ಮ ಸೆರಗಿನಿಂದಲೇ ಅದನ್ನು ಒರೆಸಿದರು. ಮನೆಯ ಕಸ ಗುಡಿಸಿ ನೆಲ ಒರೆಸುವ ಸುಬ್ಬಲಕ್ಷ್ಮಮ್ಮ. ಎಪ್ಪತ್ತರ ಹತ್ತಿರದ ಹೆಂಗಸು, ಕಿವಿಯಲ್ಲಿ ಕೆಂಪು ಕಲ್ಲಿನ ಓಲೆ. ಕೂತ್ಕೊ, ಅವ್ನ ಕತೆ ಬೇಗ ಮುಗಿಯಾಕಿಲ್ಲ ಎಂದು ಪಿಸುಗುಟ್ಟಿದರು.

ಈ ಜಾಗವೆಲ್ಲ ಒಂದು ಕಾಲಕ್ಕೆ ತನ್ನ ಮಾವ ದೊಡ್ಡಮುನಿಯಪ್ಪನ ರಾಗಿ ಹೊಲ ಎಂದು ಅವರು ಮೆಲ್ಲಗೆ ಹೇಳಿದರು. ಹೊಲ ಕೊಂಡ ಭಾನುಪ್ರಕಾಶರು ಮನೆ ಕಟ್ಟುವಾಗ, ಕೆರೆಯಿಂದ ಪೀಪಾಯಿಗಳಲ್ಲಿ ನೀರು ಹೊತ್ತು ತಂದದ್ದು ಮಾವನ ಎತ್ತಿನ ಗಾಡಿ. ಸುಬ್ಬಲಕ್ಷ್ಮಮ್ಮ ಆಗ ಹೊಸದಾಗಿ ಸೊಸೆಯಾಗಿ ಬಂದವರು. ಗಾರೆ ಕೆಲಸದವರಿಗೆ ಮಜ್ಜಿಗೆ ಕೊಡುತ್ತಿದ್ದರು.

ಅತ್ತ ನಂದೀಶ ಸ್ವರ ಏರಿಸಿದ. ಹದಿನಾಲ್ಕು ತಿಂಗಳು ಈ ಮನೆಯ ಕೆಲಸ ಒಂದೇ ಒಂದು ದಿನವೂ ನಿಲ್ಲಲಿಲ್ಲ. ಸರ್ ಅವರ ಶಿಸ್ತು ಹಾಗಿತ್ತು ಎಂದ. ಗುಂಪಿನವರು ತಲೆದೂಗಿದರು.

ಸುಬ್ಬಲಕ್ಷ್ಮಮ್ಮ ಮೂಗಿನಲ್ಲೇ ನಕ್ಕರು.

"ಸುಳ್ಳು ಕಣವ್ವ. ಸೋಮಾರ ನಿಲ್ತಿತ್ತು. ನಮ್ಮ ಮಾವ ಸೋಮಾರ ಎತ್ತಿನ ಕತ್ತಿಗೆ ನೊಗ ಇಕ್ತಿರ್ಲಿಲ್ಲ, ಬಸವಣ್ಣನ ದಿನ ಅಂತ. ಗಾಡಿ ಕಟ್ಟದಿದ್ರೆ ನೀರೆಲ್ಲಿ ಬತ್ತದೆ? ನೀರಿಲ್ದೆ ಸಿಮೆಂಟ್ ಕಲಸಾಕಾಯ್ತದಾ?"

ಮೊದಮೊದಲು ಭಾನುಪ್ರಕಾಶರು ಕೂಗಾಡಿದರಂತೆ. ದೊಡ್ಡಮುನಿಯಪ್ಪ ಜಗ್ಗಲಿಲ್ಲ. ಆಮೇಲೆ ಭಾನುಪ್ರಕಾಶರೇ ಸೋಮವಾರ ಮನೆಯಲ್ಲೇ ಕೂತು ಬರೆಯುವುದಕ್ಕೆ ಶುರುಮಾಡಿದರು. ಒಂದೊಂದು ಸಲ ಎತ್ತುಗಳಿಗೆ ಬೆಲ್ಲವನ್ನೂ ತರುತ್ತಿದ್ದರಂತೆ. ಇಷ್ಟು ಹೇಳಿ ಸುಬ್ಬಲಕ್ಷ್ಮಮ್ಮ ನಂದೀಶನ ಕಡೆ ಒಮ್ಮೆ ನೋಡಿ, ಬಕೆಟ್ಟು ಎತ್ತಿಕೊಂಡು ಮೆಟ್ಟಿಲು ಹತ್ತಿಹೋದರು.

ಶೋಭಾರಾಣಿ ಸ್ಟೂಲಿನ ಮೇಲೆ ಕೂತು ಗೋಡೆಗಳ ತಾರೀಖು ಓದತೊಡಗಿದಳು. ಪೂರ್ವದ್ದು 12-3-74. ಪಶ್ಚಿಮದ್ದು 21-3-74. ಉತ್ತರದ ಗೋಡೆಯ ಮೂಲೆಯಲ್ಲಿ, ಅದೇ ಕೆಮ್ಮಣ್ಣು, ಅದೇ ದಪ್ಪ ಬರಹ: 18-3-74.

ಆ ಗೋಡೆಯ ಪಕ್ಕದಲ್ಲೇ ಗಾಜಿನ ಪೆಟ್ಟಿಗೆ. ಅದರಲ್ಲಿ ಮನೆ ಕಟ್ಟುವಾಗ ಮೇಸ್ತ್ರಿ ಬರೆದಿಟ್ಟ ದಿನಚರಿ. ಬಿಚ್ಚಿಟ್ಟ ಪುಟದಲ್ಲಿ ಒಂದೇ ಸಾಲು. ಭಾನುವಾರ, 17-3-74, ಮೂರನೇ ಕಂಬಕ್ಕೆ ಕಾಂಕ್ರೀಟ್ ಆಯಿತು.

ಹದಿನೇಳು ಭಾನುವಾರ. ಹದಿನೆಂಟು?

ಯಾವ ಕ್ಯಾಲೆಂಡರೂ ಬೇಕಿರಲಿಲ್ಲ. ಎತ್ತಿಗೆ ನೊಗ ಇಡದ ದಿನ, ಒಂದು ಹನಿ ನೀರು ಬಾರದ ದಿನ, ಈ ಗೋಡೆಗೆ ಕಾಂಕ್ರೀಟ್ ಹಾಕಿದ್ದು ಹೇಗೆ? ಹಾಕಿರಲಿಲ್ಲ. ಯಾರೋ ಈಚೆಗೆ ಹಾಕಿದ್ದಾರೆ. ಹಾಕಿ, ಹಳೆಯದರಂತೆ ಕಾಣಲೆಂದು ಒಂದು ತಾರೀಖು ಬೇಕಾದಾಗ, ಈ ಗಾಜಿನ ಪೆಟ್ಟಿಗೆಗೆ ಕಣ್ಣು ಹಾಯಿಸಿ, ಅದರ ಮಾರನೆಯ ದಿನವನ್ನು ಬರೆದಿದ್ದಾರೆ. ಕೆಲಸ ಒಂದು ದಿನವೂ ನಿಲ್ಲಲಿಲ್ಲ ಎಂದು ನಂಬಿದವರು ಹಾಗೆಯೇ ಬರೆಯುತ್ತಾರೆ.

ನಂದೀಶ ಎಲ್ಲರನ್ನೂ ಮೇಲಕ್ಕೆ ಕರೆದ. ತೋಳು ಹಿಡಿದಿದ್ದ ಹುಡುಗಿ ತಿರುಗಿ ನೋಡಿದಳು. ಶೋಭಾರಾಣಿ ಮಂಡಿ ತೋರಿಸಿ, ನೀನು ಹೋಗಮ್ಮ ಎಂಬಂತೆ ಕೈ ಮಾಡಿದಳು. ಹೆಜ್ಜೆಗಳ ಸದ್ದು ಮೇಲಕ್ಕೆ ಹೋಗಿ ಕರಗಿತು.

ಅವಳು ಎದ್ದು ಗೋಡೆಯ ಮೇಲೆ ಅಂಗೈ ಇಟ್ಟಳು.

ತಣ್ಣಗಿತ್ತು. ಏಪ್ರಿಲ್ ತಿಂಗಳ ಒಣ ಮಧ್ಯಾಹ್ನದಲ್ಲಿ ಆ ಗೋಡೆ ಜ್ವರ ಬಿಟ್ಟ ಮೈಯಂತೆ ಬೆವತಿತ್ತು. ಕೈ ತೆಗೆದು ನೋಡಿದರೆ ಅಂಗೈ ತುಂಬ ಕಂದು ಬಣ್ಣ. ಮೂಸಿದಳು. ಚಹಾ. ಹೊಸ ಗೋಡೆಯ ಬಿಳುಪು ಕಾಣದಿರಲೆಂದು ಯಾರೋ ಕಡುಚಹಾ ಕುದಿಸಿ ಬಳಿದಿದ್ದರು.

ಕೃಪಾ ಚಿಕ್ಕವಳಿದ್ದಾಗ ಕತ್ತಲೆಗೆ ತುಂಬ ಹೆದರುತ್ತಿದ್ದಳು. ದೊಡ್ಡಮ್ಮನ ಮನೆಗೆ ಬಂದರೆ ಬಚ್ಚಲ ದೀಪ ಆರಿಸಲು ಬಿಡುತ್ತಿರಲಿಲ್ಲ. ಬೇಡ ಬೇಡವೆಂದರೂ ಆ ನೆನಪೇ ಬಂತು. ಶೋಭಾರಾಣಿ ಗೋಡೆಗೆ ಕಿವಿ ಹಚ್ಚಿದಳು. ತನ್ನ ಎದೆಯ ಬಡಿತ ಮಾತ್ರ ಕೇಳಿಸಿತು. ಮೂರು ಹೆಜ್ಜೆ ಅಗಲದ ಜಾಗ. ಗಾಳಿ ಎಷ್ಟು ಹೊತ್ತು ಬಂದೀತು?

"ಅಂಜಿನಮ್ಮ ಅವ್ರೇ."

ನಂದೀಶ ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದ. ಯಾವಾಗ ಇಳಿದು ಬಂದನೋ. ಅವನೂ ಬರಿಗಾಲಿನಲ್ಲಿದ್ದ.

"ಮಂಡಿ ನೋವು. ಸ್ವಲ್ಪ ಕೂತಿದ್ದೆ," ಎಂದಳು.

"ಕೂತಿಲ್ಲ ಮೇಡಂ. ನಿಂತಿದೀರ."

ಅವನು ಹತ್ತಿರ ಬಂದು ಅವಳ ಕೈಯನ್ನೇ ನೋಡಿದ. ಜೇಬಿನಿಂದ ಮಡಚಿದ ಕರವಸ್ತ್ರ ತೆಗೆದು ಚಾಚಿದ. ಮನೆಗೆ ಬಂದ ನೆಂಟರಿಗೆ ನೀರು ಕೊಡುವಷ್ಟು ಮರ್ಯಾದೆಯಿಂದ.

"ಕೈ ಕೊಳೆಯಾಗಿದೆ. ಒರೆಸ್ಕೊಳ್ಳಿ."

ಯಾರಾದರೂ ಕೊಟ್ಟದ್ದನ್ನು ಬೇಡವೆನ್ನಲು ಅವಳಿಗೆ ಎಂದೂ ಬಾಯಿ ಬಂದಿರಲಿಲ್ಲ. ತೆಗೆದುಕೊಂಡಳು. ಒರೆಸಿದಳು. ಬಿಳಿಯ ಬಟ್ಟೆಯ ಮೇಲೆ ಐದು ಬೆರಳೂ ಕಂದಾಗಿ ಮೂಡಿದವು. ಇಬ್ಬರೂ ಅದನ್ನು ನೋಡಿದರು. ಏನಾದರೂ ಮಾತಾಡಬೇಕು, ಏನೂ ಗೊತ್ತಿಲ್ಲದವಳಂತೆ ಮಾತಾಡಬೇಕು ಎಂದುಕೊಂಡು ಅವಳು, ಈ ಗೋಡೆ ಯಾವಾಗಿನದು ಎಂದು ಕೇಳಿದಳು.

"ಬರ್ದಿದೆಯಲ್ಲ. ಎಪ್ಪತ್ನಾಲ್ಕು, ಮಾರ್ಚ್ ಹದಿನೆಂಟು."

"ಅವತ್ತು ಸೋಮವಾರ."

ಮಾತು ಬಾಯಿಂದ ಜಾರಿದ ಮೇಲೆ ಹಿಡಿಯುವಂತಿರಲಿಲ್ಲ. ನಂದೀಶ ಹುಬ್ಬು ಗಂಟಿಕ್ಕಿದ.

"ಆಗ್ಲಿ. ಸೋಮವಾರ ಆದ್ರೆ ಏನು?"

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆ ಗೊತ್ತಿಲ್ಲದ ಮುಖ ನೋಡಿದಾಗ ಶೋಭಾರಾಣಿಗೆ ಉಳಿದ ಅನುಮಾನವೂ ಹೋಯಿತು. ತಾರೀಖು ಬರೆದ ಕೈ ಇದೇ.

ಅವನು ಗಾಜಿನ ಪೆಟ್ಟಿಗೆಯನ್ನು ನೋಡಿದ. ಗೋಡೆಯನ್ನು ನೋಡಿದ. ಸ್ಟೂಲನ್ನು ನೋಡಿದ. ಅವನ ಯೋಚನೆ ಒಂದೊಂದೇ ಹೆಜ್ಜೆ ಇಡುವುದು ಅವಳಿಗೆ ಕಾಣುತ್ತಿತ್ತು.

"ಸುಬ್ಬಲಕ್ಷ್ಮಮ್ಮ ಏನಂದ್ರು ನಿಮ್ಗೆ?"

ಇದುವರೆಗೆ ತನಗಾಗಿ ಹೆದರಿದ್ದಳು. ಈಗ ಬೇರೊಬ್ಬರಿಗಾಗಿ ಹೆದರಿದಳು. ಸೆರಗಿನಿಂದ ಸ್ಟೂಲು ಒರೆಸಿ ಕೊಟ್ಟ ಹೆಂಗಸನ್ನು ತಾನು ಈ ಮನುಷ್ಯನ ಕೈಗೆ ಕೊಡುತ್ತಿದ್ದೇನೆ.

"ಏನೂ ಇಲ್ಲ. ಮಂಡಿ ನೋವು ಅಂದೆ, ಸ್ಟೂಲ್ ಕೊಟ್ರು. ಅವ್ರಿಗೆ ಪಾಪ ಕಿವಿ ಸರಿಯಾಗಿ ಕೇಳಲ್ಲ ಅನ್ಸತ್ತೆ."

"ಕಿವಿ ಚೆನ್ನಾಗೇ ಕೇಳತ್ತೆ," ಎಂದ ನಂದೀಶ. ಹಿಂದಕ್ಕೆ ಹೋಗಿ ಬಾಗಿಲನ್ನು ಒಂದೇ ಬೆರಳಿನಿಂದ ನೂಕಿದ. ನಡುವಿನ ಗೂಟದ ಮೇಲೆ ತಿರುಗುವ ತೇಗದ ದೊಡ್ಡ ಬಾಗಿಲು. ಹತ್ತು ನಿಮಿಷದ ಹಿಂದೆ ಎಲ್ಲರೂ ಅದನ್ನು ನೂಕಿ ನೋಡಿ ಬೆರಗಾಗಿದ್ದರು. ಈಗ ಅದು ಸದ್ದಿಲ್ಲದೆ ಮುಚ್ಚಿಕೊಂಡಿತು. ಮೇಲಿನ ಜನರ ಮಾತು ಕತ್ತರಿಸಿ ಹಾಕಿದಂತೆ ನಿಂತಿತು.

ಅವನು ಬೈಯಲಿಲ್ಲ, ಹೆದರಿಸಲಿಲ್ಲ. ಭಾನುಪ್ರಕಾಶ್ ಸರ್ ಹೆಸರಿಗೆ ಮಸಿ ಬಳಿಯಲು ಎಷ್ಟೋ ಜನ ಕಾಯುತ್ತಿದ್ದಾರೆ, ತಾನು ಹದಿನಾರು ವರ್ಷ ಈ ಮನೆಗೆ ದುಡಿದಿದ್ದೇನೆ, ಇದನ್ನು ಕಾಪಾಡಲು ಏನು ಬೇಕಾದರೂ ಮಾಡುತ್ತೇನೆ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಹೇಳುವಾಗ ಮೇಜಿನ ಮೇಲಿನ ಸ್ಕೇಲು ಒಂದಿಷ್ಟು ಓರೆಯಾಗಿದ್ದುದನ್ನು ನೆಟ್ಟಗೆ ಮಾಡಿದ. ನೆಟ್ಟಗಾದ ಮೇಲೂ ಮತ್ತೆರಡು ಸಲ ಸರಿಸಿದ. ಹೆದರಿದ ಮನುಷ್ಯ ಹೆದರದವನಿಗಿಂತ ಅಪಾಯ ಎಂದು ಶೋಭಾರಾಣಿಗೆ ಕೋರ್ಟಿನ ಕೆಲಸದಲ್ಲಿ ಚೆನ್ನಾಗಿ ತಿಳಿದಿತ್ತು.

"ಕೃಪಾನೂ ಹೀಗೇ. ಬೇಡದ್ದನ್ನೆಲ್ಲ ಅಳೀತಾಳೆ." ಅವನು ತಲೆಯೆತ್ತಿದ. "ನೀವು ಅವಳ ದೊಡ್ಡಮ್ಮ ಅಲ್ವಾ? ಗೇಟಲ್ಲೇ ಗೊತ್ತಾಯ್ತು. ಅವಳ ಮೇಜಿನ ಮೇಲೆ ನಿಮ್ಮಿಬ್ರ ಫೋಟೋ ಇದೆ."

"ನನ್ ಮಗು ಎಲ್ಲಿ?"

"ಅದನ್ನ ನಾನು ನಿಮ್ಮನ್ನ ಕೇಳ್ಬೇಕು ಅಂತಿದ್ದೆ, ಮೇಡಂ."

ಅವಳಿಗೆ ಆ ಮಾತು ಅರ್ಥವಾಗಲಿಲ್ಲ. ಅಷ್ಟರಲ್ಲಿ ಬಾಗಿಲು ತಿರುಗಿತು. ಸುಬ್ಬಲಕ್ಷ್ಮಮ್ಮ, ಒಂದು ಕೈಯಲ್ಲಿ ಬಕೆಟ್ಟು, ಒಂದು ಕೈಯಲ್ಲಿ ಒರೆಸುವ ಬಟ್ಟೆ. ಬಂದವರೆಲ್ಲ ಆಫೀಸಿನ ಮುಂದೆ ನಿಂತು ಮೊಬೈಲು ಕೊಡಿ ಎಂದು ಗಲಾಟೆ ಮಾಡುತ್ತಿದ್ದಾರೆ, ಯಾರಿಗೋ ರೈಲು ತಪ್ಪುತ್ತದಂತೆ, ಬೀಗದ ಕೈ ನಿನ್ನ ಹತ್ತಿರ ಇದೆಯಲ್ಲಪ್ಪ ಎಂದು ನಂದೀಶನಿಗೆ ಹೇಳಿದರು. ಹೇಳುತ್ತಲೇ ಬಕೆಟ್ಟನ್ನು ಬಾಗಿಲ ಸಂದಿನಲ್ಲಿ ಇಟ್ಟರು. ಬಾಗಿಲು ಇನ್ನು ಮುಚ್ಚುವಂತಿರಲಿಲ್ಲ.

ನಂದೀಶ ಇಬ್ಬರನ್ನೂ ನೋಡಿದ. ಮೇಲಿನಿಂದ ಯಾರೋ ಜೋರಾಗಿ ಸಾರ್, ಸಾರ್ ಎಂದು ಕೂಗಿದರು.

"ಐದು ನಿಮಿಷ. ಮೇಡಂ ಇಲ್ಲೇ ಇರ್ತಾರೆ," ಎಂದು ಸುಬ್ಬಲಕ್ಷ್ಮಮ್ಮನಿಗೆ ಹೇಳಿ ಮೆಟ್ಟಿಲು ಹತ್ತಿದ. ಹತ್ತುವಾಗ ಒಮ್ಮೆಯೂ ಹಿಂದೆ ನೋಡಲಿಲ್ಲ. ಗೇಟಿಗೆ ಹೋಗಲು ಆಫೀಸಿನ ಮುಂದೆಯೇ ಹಾಯಬೇಕಿತ್ತು. ನೋಡುವ ಅಗತ್ಯ ಅವನಿಗಿರಲಿಲ್ಲ.

ಹೆಜ್ಜೆ ಸದ್ದು ದೂರವಾದ ಕೂಡಲೇ ಸುಬ್ಬಲಕ್ಷ್ಮಮ್ಮ ಅವಳ ಮಣಿಕಟ್ಟು ಹಿಡಿದರು. ಮೇಜಿನ ಹಿಂದೆ, ಪಂಪಿನ ಕೋಣೆಗೆ ಹೋಗುವ ಗಿಡ್ಡ ಬಾಗಿಲು. ತಲೆ ಬಗ್ಗಿಸಿ ದಾಟಿದರೆ ಆರು ಮೆಟ್ಟಿಲು, ಅದರಾಚೆ ಕೆಲಸದವರ ಅಡುಗೆಮನೆ. ಒಲೆಯ ಮೇಲೆ ಏನೋ ಮುಚ್ಚಿಟ್ಟಿತ್ತು. ಶೋಭಾರಾಣಿ ಗೋಡೆಗೆ ಒರಗಿದಳು.

ಬಾಗಿಲ ಸಂದಿಗೆ ಕಿವಿ ಇಟ್ಟು ಎಲ್ಲ ಕೇಳಿಸಿಕೊಂಡೆ ಎಂದರು ಸುಬ್ಬಲಕ್ಷ್ಮಮ್ಮ. ನೀನು ಯಾರ ಕಡೆಯವಳೋ ಗೊತ್ತಿರಲಿಲ್ಲ, ಅದಕ್ಕೇ ಬಾಯಿ ಬಿಟ್ಟಿರಲಿಲ್ಲ. ಮಗು ಎಲ್ಲಿ ಎಂದು ನೀನು ಕೇಳಿದ ಮೇಲೆ ಗೊತ್ತಾಯಿತು ಎಂದರು.

"ಅಮ್ಮ, ಅವಳು ಆ ಗೋಡೆ ಹಿಂದೆ..."

"ಇಲ್ಲ ಕಣವ್ವ. ಬದುಕವ್ಳೆ. ನಮ್ಮ ಹಳೇ ಮನೆ ಅಟ್ಟದ ಮ್ಯಾಲೆ ಮಡಗಿವ್ನಿ."

ಶೋಭಾರಾಣಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆರು ದಿನ ತಡೆದಿದ್ದ ಅಳು ಒಂದೇ ಸಲ ಎದೆಗೆ ಬಂದು, ಸದ್ದಾಗಬಾರದೆಂದು ಅಲ್ಲೇ ನಿಂತಿತು. ಕೃಪಾ ಕಳೆದ ಭಾನುವಾರ ಸಂಜೆ ಒಂಟಿಯಾಗಿ ಓಡಿಬಂದು, ಯಾರಿಗೂ ಹೇಳಬೇಡಿ, ಅಮ್ಮನಿಗೆ ಹೇಳಿದರೆ ನಂದೀಶನ ಕಡೆಯವರು ಅಮ್ಮನ ಹತ್ತಿರವೂ ಹೋಗುತ್ತಾರೆ ಎಂದು ಕೈ ಹಿಡಿದು ಬೇಡಿಕೊಂಡಳಂತೆ. ನಿನ್ನೆಯಿಂದ ನಂದೀಶನ ಕಡೆಯ ಇಬ್ಬರು ಗೇಟಿನ ಎದುರಿನ ಅಂಗಡಿಯಲ್ಲಿ ಕೂತು, ಸುಬ್ಬಲಕ್ಷ್ಮಮ್ಮ ಹೋದಲ್ಲೆಲ್ಲ ಕಣ್ಣಿಟ್ಟಿದ್ದಾರೆ. ಹಾಗಾಗಿ ಅಟ್ಟದ ಕಡೆ ಹೋಗಲಾಗಿಲ್ಲ. ಹುಡುಗಿ ನಿನ್ನೆ ಮಧ್ಯಾಹ್ನದಿಂದ ಉಂಡಿಲ್ಲ.

ನೀವೂ ಬನ್ನಿ ಎಂದು ಶೋಭಾರಾಣಿ ಅವರ ಕೈ ಹಿಡಿದಳು. ಅವರು ತಲೆಯಾಡಿಸಿದರು. ತಾನೂ ಹೋದರೆ ಅವನಿಗೆ ಅನುಮಾನ ಬರುತ್ತದೆ, ನೆಲ ಒರೆಸುತ್ತ ತಾನು ಇಲ್ಲೇ ಇದ್ದೇನೆ ಎಂದು ಅವನು ತಿಳಿಯಬೇಕು ಎಂದರು.

ಹಿತ್ತಿಲಿನಾಚೆ ಹೊಂಗೆ ಮರ, ಅಲ್ಲಿಂದ ಎಡಕ್ಕೆ ಮೂರನೆಯ ಹೆಂಚಿನ ಮನೆ ಎಂದು ದಾರಿ ಹೇಳುತ್ತಲೇ ಅವರು ಒಲೆಯ ಕಡೆ ತಿರುಗಿದರು. ಶೋಭಾರಾಣಿಯ ತಲೆಯಲ್ಲಿ ಆಗ ಬೇರೊಂದು ಹೊಳೆಯಿತು.

"ಕೃಪಾ ಅಟ್ಟದ ಮೇಲಿದ್ರೆ, ಆ ಗೋಡೆ ಹಿಂದೆ ಇರೋದು ಯಾರು?"

ಸುಬ್ಬಲಕ್ಷ್ಮಮ್ಮ ಒಲೆಯ ಮೇಲಿನ ಮುಚ್ಚಳ ತೆಗೆದರು.

"ಆ ಭಾನ್ವಾರ ಒಳೀಕೆ ಓಗಿದ್ದು ಇಬ್ರು. ಈಚೆಗೆ ಬಂದಿದ್ದು ನಂದೀಶ ಒಬ್ನೆ. ನಿನ್ ಮಗು ಅದ್ನ ನೋಡ್ಬುಟ್ಟವ್ಳೆ."

ಸ್ಟುಡಿಯೋದೊಳಗೆ ಬಕೆಟ್ಟು ಉರುಳಿದ ಸದ್ದು. ಆಮೇಲೆ ಒದ್ದೆ ನೆಲದ ಮೇಲೆ ಬರಿಗಾಲು.

ಸುಬ್ಬಲಕ್ಷ್ಮಮ್ಮ ಗಾಬರಿಪಡಲಿಲ್ಲ. ಹಿತ್ತಿಲ ಬಾಗಿಲಿನ ಅಗುಳಿ ಸರಿಸಿದರು. ಬಿಸಿ ಆರದ ಎರಡು ಮುದ್ದೆಗಳನ್ನು ಬಟ್ಟೆಯಲ್ಲಿ ಸುತ್ತಿ, ಬಸ್ಸಾರಿನ ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತಿ ನೋಡಿ, ಎರಡನ್ನೂ ಚೀಲಕ್ಕೆ ಹಾಕಿ, ಅವಳ ಕೈಗೆ ಕೊಟ್ಟರು.